ಹರೆಯದವರ ತೊಡೆಮೂಳೆ ಮುರಿತ: ಶಸ್ತ್ರಚಿಕಿತ್ಸೆಯ ಆಯ್ಕೆಗಳೂ ಅವುಗಳ ಹಿಂದಿನ ಕಾರಣಗಳೂ

ಮನುಷ್ಯನ ದೇಹದಲ್ಲಿ ತೊಡೆಮೂಳೆಯಷ್ಟು ಉದ್ದವಾದ, ಅದರಷ್ಟು ಗಟ್ಟಿಯಾದ ಇನ್ನೊಂದು ಮೂಳೆಯಿಲ್ಲ. ಸೊಂಟದ ಕೀಲಿನಿಂದ ಮಂಡಿಯವರೆಗೆ ದಪ್ಪ ಸ್ನಾಯುಗಳ ನಡುವೆ ಹುದುಗಿರುವ ಈ ಮೂಳೆ ಮುರಿಯಬೇಕಾದರೆ ಭಾರೀ ಪೆಟ್ಟೇ ಬೀಳಬೇಕು. ಆದ್ದರಿಂದಲೇ ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಈ ಮುರಿತಕ್ಕೆ ಬಹುಮಟ್ಟಿಗೆ ರಸ್ತೆ ಅಪಘಾತವೇ ಕಾರಣವಾಗಿರುತ್ತದೆ, ಅದನ್ನು ಬಿಟ್ಟರೆ ಮರದಿಂದಲೋ ಮಹಡಿಯಿಂದಲೋ ಬೀಳುವುದು ಮತ್ತು ಆಟದ ಮೈದಾನದಲ್ಲಿ ಆಗುವ ಪೆಟ್ಟು. ಐದು ವರ್ಷದೊಳಗಿನ ಮಗುವಿಗೆ ಇದೇ ಮೂಳೆ ಮುರಿದರೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಕೆಲವು ವಾರ ಮಲಗಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ; ಬೆಳವಣಿಗೆ ಮುಗಿದ ವಯಸ್ಕರಿಗಾದರೆ ಮೂಳೆಯ ಟೊಳ್ಳಿನೊಳಗೆ ಉದ್ದಕ್ಕೂ ಲೋಹದ ಸರಳು ತೂರಿಸುವುದು ರೂಢಿಯಾಗಿದೆ. ಈ ಎರಡರ ನಡುವೆ ಇರುವ, ಹತ್ತರಿಂದ ಹದಿನಾರು ವರ್ಷದವರ ವಿಷಯದಲ್ಲಿ ಮಾತ್ರ ವೈದ್ಯರು ಹೆಚ್ಚು ವಿವೇಚನೆಯಿಂದ ಹೆಜ್ಜೆ ಇಡಬೇಕಾಗುತ್ತದೆ, ಏಕೆಂದರೆ ಮುರಿದ ಮೂಳೆ ನೆಟ್ಟಗೆ ಕೂಡಿಕೊಂಡರಷ್ಟೇ ಸಾಲದು, ಇನ್ನೂ ಬೆಳೆಯಬೇಕಾಗಿರುವ ಅದರ ತುದಿಗಳಿಗಾಗಲಿ ಸೊಂಟದ ಕೀಲಿಗೆ ಹೋಗುವ ರಕ್ತಕ್ಕಾಗಲಿ ಚಿಕಿತ್ಸೆಯಿಂದಲೇ ಧಕ್ಕೆಯಾಗಬಾರದು. ಯಾವ ಲೋಹ, ಯಾವ ಗಾತ್ರ, ಮೂಳೆಯ ಯಾವ ಬಾಗಿಲಿನಿಂದ ಒಳಕ್ಕೆ ಎಂಬುದೆಲ್ಲ ತೀರ್ಮಾನವಾಗುವುದು ಈ ಷರತ್ತಿನ ಮೇಲೆ. “ರಾಡ್ ಹಾಕುತ್ತೇವೆ” ಎಂಬ ಒಂದೇ ಮಾತನ್ನು ಕೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ತಂದೆತಾಯಿಗಳು ಆ ಮಾತಿನ ಹಿಂದಿರುವ ಆಯ್ಕೆಗಳನ್ನು ತಿಳಿದಿರುವುದು ಅಗತ್ಯ.

ಬೆಳೆಯುತ್ತಿರುವ ಮೂಳೆಯ ರಚನೆ

ಮಕ್ಕಳ ಉದ್ದ ಮೂಳೆಗಳ ಎರಡೂ ತುದಿಗಳಲ್ಲಿ ಮೃದ್ವಸ್ಥಿಯ ತೆಳುವಾದ ಪದರವೊಂದು ಇರುತ್ತದೆ. ಹೊಸ ಮೂಳೆ ಹುಟ್ಟಿ ಕಾಲು ಉದ್ದವಾಗುವುದು ಈ ಪದರದಿಂದಲೇ ಆದ್ದರಿಂದ ಅದನ್ನು ಬೆಳವಣಿಗೆಯ ಫಲಕ ಎನ್ನುತ್ತಾರೆ. ಎಕ್ಸ್-ರೇ ಚಿತ್ರದಲ್ಲಿ ಅದು ಕಪ್ಪು ಗೆರೆಯಂತೆ ಕಾಣುವುದರಿಂದ ಅನುಭವವಿಲ್ಲದ ಕಣ್ಣಿಗೆ ಬಿರುಕೆಂದು ತೋರುವುದೂ ಉಂಟು. ತೊಡೆಮೂಳೆಯ ಒಟ್ಟು ಬೆಳವಣಿಗೆಯಲ್ಲಿ ಸುಮಾರು ಶೇ. 70ರಷ್ಟು ಮಂಡಿಯ ಬಳಿಯ ಫಲಕದಿಂದ ಆಗುತ್ತದೆ, ಉಳಿದದ್ದು ಸೊಂಟದ ಬಳಿಯ ಫಲಕದಿಂದ. ಮಂಡಿಯ ಬಳಿಯ ಈ ಒಂದು ಫಲಕವೇ ವರ್ಷಕ್ಕೆ ಸುಮಾರು 9 ಮಿಲಿಮೀಟರಿನಷ್ಟು ಉದ್ದವನ್ನು ಸೇರಿಸುತ್ತದೆ. ಹೆಣ್ಣುಮಕ್ಕಳಲ್ಲಿ ಸುಮಾರು 14ನೆಯ ವಯಸ್ಸಿನಲ್ಲಿ, ಗಂಡುಮಕ್ಕಳಲ್ಲಿ ಸುಮಾರು 16ನೆಯ ವಯಸ್ಸಿನಲ್ಲಿ ಫಲಕಗಳು ಮೂಳೆಯಾಗಿ ಮುಚ್ಚಿಕೊಳ್ಳುತ್ತವೆ. ಹುಟ್ಟಿದ ದಿನಾಂಕ ಒಂದೇ ಆದರೂ ಇಬ್ಬರು ಮಕ್ಕಳ ಮೂಳೆಯ ವಯಸ್ಸು ಬೇರೆಯಾಗಿರಬಹುದಾದ್ದರಿಂದ, ಸಂದೇಹ ಬಂದಾಗ ಎಡಗೈಯ ಎಕ್ಸ್-ರೇ ತೆಗೆದು ಮೂಳೆಯ ಪಕ್ವತೆಯನ್ನು ಅಳೆಯುವ ಕ್ರಮವಿದೆ.

ಗಮನಿಸಬೇಕಾದ ಎರಡನೆಯ ಸಂಗತಿ ಸೊಂಟದ ಕೀಲಿಗೆ ಸಂಬಂಧಿಸಿದ್ದು, ಮತ್ತು ಇದು ಇನ್ನೂ ಸೂಕ್ಷ್ಮವಾದದ್ದು. ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಾಕಾರದ ತಲೆ, ಅದರ ಕೆಳಗೆ ಓರೆಯಾದ ಕತ್ತು, ಕತ್ತಿನ ಹೊರಬದಿಯಲ್ಲಿ ಕೈಯಿಟ್ಟರೆ ಸಿಗುವ ದಪ್ಪ ಉಬ್ಬು ಇರುತ್ತವೆ. ತಲೆಗೆ ರಕ್ತ ಒದಗಿಸುವ ಮುಖ್ಯ ಧಮನಿ ಕತ್ತಿನ ಹಿಂಬದಿಯಿಂದ ಸುತ್ತಿ ಬಂದು, ಉಬ್ಬಿನ ಒಳಮಗ್ಗುಲಿನ ತಗ್ಗಿನ ಪಕ್ಕದಲ್ಲಿ ಸಣ್ಣ ಕವಲುಗಳಾಗಿ ಮೇಲೇರುತ್ತದೆ. ವಯಸ್ಕರಲ್ಲಿ ಕತ್ತಿನ ಒಳಗಿನಿಂದಲೂ ತಲೆಗೆ ಸ್ವಲ್ಪ ರಕ್ತ ಹರಿಯುವುದುಂಟು. ಮಕ್ಕಳಲ್ಲಾದರೆ ನಡುವೆ ಬೆಳವಣಿಗೆಯ ಫಲಕ ಅಡ್ಡಗೋಡೆಯಾಗಿ ನಿಲ್ಲುವುದರಿಂದ ಆ ದಾರಿ ಮುಚ್ಚಿರುತ್ತದೆ, ತಲೆಯ ಜೀವವೆಲ್ಲ ಹೊರಗಿನ ಈ ಸಣ್ಣ ಕವಲುಗಳ ಮೇಲೆ ನಿಂತಿರುತ್ತದೆ. ಅವು ಹರಿದರೆ ತಲೆಯ ಭಾಗ ರಕ್ತವಿಲ್ಲದೆ ಸತ್ತು, ತಿಂಗಳುಗಳ ನಂತರ ಕುಸಿದು, ಹದಿಹರೆಯದಲ್ಲೇ ಸೊಂಟದ ಕೀಲು ಸವೆಯುವ ಸ್ಥಿತಿ ಬರುತ್ತದೆ. ಇದನ್ನು ಮೊದಲಿನಂತೆ ಮಾಡಬಲ್ಲ ಚಿಕಿತ್ಸೆಯಿಲ್ಲ.

ಅಪಘಾತವಾದ ಮೊದಲ ಗಂಟೆಗಳು

ತೊಡೆ ಊದಿಕೊಂಡು, ಕಾಲು ಗಿಡ್ಡವಾಗಿ ಹೊರಮುಖವಾಗಿ ಹೊರಳಿಕೊಂಡು, ಮಗು ಅದನ್ನು ಅಲುಗಿಸಲೂ ಆಗದ ಸ್ಥಿತಿಯಲ್ಲಿದ್ದರೆ ತೊಡೆಮೂಳೆ ಮುರಿದಿದೆಯೆಂದೇ ಭಾವಿಸಬೇಕು. ಅಂಥ ಮಗುವನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಇಂದಿಗೂ ಕಾಣುವ, ಆದರೆ ಅತ್ಯಂತ ಅಪಾಯಕರವಾದ ಅಭ್ಯಾಸ. ಮುರಿದ ತುದಿಗಳು ಅಲುಗಾಡಿದಷ್ಟೂ ಸ್ನಾಯು ಹರಿದು ಒಳಗೆ ರಕ್ತಸ್ರಾವ ಹೆಚ್ಚುತ್ತದೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮುರಿದ ಕಾಲನ್ನು ಸರಿಯಿರುವ ಕಾಲಿನೊಂದಿಗೆ ಬಟ್ಟೆಯಿಂದ ಹಗುರವಾಗಿ ಕಟ್ಟುವುದು, ಇಲ್ಲವೆ ಕಂಕುಳಿನಿಂದ ಪಾದದವರೆಗೆ ಉದ್ದನೆಯ ಹಲಗೆಯ ಆಸರೆ ಕೊಡುವುದು ಸರಿಯಾದ ಕ್ರಮ. ಗಾಯವಿದ್ದರೆ ಶುದ್ಧವಾದ ಬಟ್ಟೆಯಿಂದ ಮುಚ್ಚಬೇಕೇ ಹೊರತು ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತಬಾರದು. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ಬಾಯಿಗೆ ಅನ್ನನೀರು ಕೊಡದಿರುವುದೂ ಮುಖ್ಯ.

ಆಸ್ಪತ್ರೆಯಲ್ಲಿ ತೊಡೆಯ ಎಕ್ಸ್-ರೇಗಿಂತ ಮೊದಲು ಇಡೀ ಮಗುವಿನ ಪರೀಕ್ಷೆ ನಡೆಯಬೇಕು. ವಾಹನ ಬಡಿದ ಪಾದಚಾರಿ ಮಗುವಿಗೆ ತೊಡೆಯ ಜೊತೆಗೆ ಎದೆ ಅಥವಾ ಹೊಟ್ಟೆಗೂ ತಲೆಗೂ ಪೆಟ್ಟಾಗಿರುವುದು ಎಷ್ಟೋ ಸಲ ಕಂಡುಬರುತ್ತದೆ. ಮುಚ್ಚಿದ ತೊಡೆಮೂಳೆ ಮುರಿತವೊಂದರಿಂದಲೇ ಮಗುವಿನ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪವಾದ್ದರಿಂದ, ಹಾಗೆ ಇಳಿದಾಗ ಹೊಟ್ಟೆಯೊಳಗೆ ಗುಲ್ಮವೋ ಯಕೃತ್ತೋ ಹರಿದಿದೆಯೇ ಎಂದು ಹುಡುಕಬೇಕಾಗುತ್ತದೆ. ಎಕ್ಸ್-ರೇಯಲ್ಲಿ ಸೊಂಟ ಮತ್ತು ಮಂಡಿ ಎರಡೂ ಕಾಣುವಂತಿರಬೇಕು, ಏಕೆಂದರೆ ಮೂಳೆಯ ನಡುಭಾಗದ ಮುರಿತದ ಅಬ್ಬರದಲ್ಲಿ ಅದೇ ಮೂಳೆಯ ಕತ್ತಿನ ಸಣ್ಣ ಬಿರುಕು ಮರೆಯಾಗಿ ಉಳಿದು ಮುಂದೆ ದೊಡ್ಡ ತೊಂದರೆಗೆ ಕಾರಣವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಕಾಯುವ ಹೊತ್ತಿನಲ್ಲಿ ಥಾಮಸ್ ಸ್ಪ್ಲಿಂಟ್ ಎಂಬ ಕಬ್ಬಿಣದ ಚೌಕಟ್ಟಿನಲ್ಲಿ ಕಾಲನ್ನಿಟ್ಟು, ತೊಡೆಯ ಸಂದಿನ ಬಳಿ ಹಾದುಹೋಗುವ ನರದ ಸುತ್ತ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು ಕೊಟ್ಟರೆ ನೋವು ಗಣನೀಯವಾಗಿ ತಗ್ಗುತ್ತದೆ. ಮಗು ನರಳುತ್ತ ರಾತ್ರಿ ಕಳೆಯಬೇಕಾದ ಅಗತ್ಯ ಈಗ ಇಲ್ಲ. ಈ ಚುಚ್ಚುಮದ್ದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಸಣ್ಣ ಪೆಟ್ಟಿಗೇ ಮೂಳೆ ಮುರಿದಿದ್ದರೆ, ಅಥವಾ ಮುರಿಯುವುದಕ್ಕೆ ಮೊದಲೇ ವಾರಗಟ್ಟಲೆ ಆ ಜಾಗದಲ್ಲಿ, ಅದರಲ್ಲೂ ರಾತ್ರಿ ಹೊತ್ತು, ನೋವಿದ್ದರೆ ಆ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮೂಳೆಯೊಳಗೆ ನೀರುಗುಳ್ಳೆಯಂಥ ನಿರಪಾಯಕಾರಿ ಟೊಳ್ಳಿರಬಹುದು, ಹುಟ್ಟಿನಿಂದಲೇ ಮೂಳೆ ಪೆಡಸಾಗಿರಬಹುದು, ವಿರಳವಾಗಿ ಮೂಳೆಯ ಕ್ಯಾನ್ಸರ್ ಕೂಡ ಇರಬಹುದು. ಕ್ಯಾನ್ಸರ್ ಇರುವ ಮೂಳೆಗೆ ಗುರುತಿಸದೆ ಸರಳು ತೂರಿಸಿದರೆ ಅದರ ಕೋಶಗಳು ಟೊಳ್ಳಿನ ಉದ್ದಕ್ಕೂ ಹರಡಿಬಿಡುತ್ತವೆ. ಉಳಿಸಬಹುದಾಗಿದ್ದ ಕಾಲನ್ನು ಕಳೆದುಕೊಳ್ಳುವ ಪ್ರಸಂಗ ಅದರಿಂದ ಬರಬಹುದು.

ಕಟ್ಟು, ತೂಕ, ಮತ್ತು ಶಸ್ತ್ರಚಿಕಿತ್ಸೆಯ ಕಡೆಗೆ ತಿರುಗಿದ ಕಾರಣ

ಕೆಲವು ದಶಕಗಳ ಹಿಂದಿನವರೆಗೂ ಈ ವಯಸ್ಸಿನ ಮಕ್ಕಳನ್ನು ಮೂರು ನಾಲ್ಕು ವಾರ ಹಾಸಿಗೆಯಲ್ಲಿ ಮಲಗಿಸಿ, ಮಂಡಿಯ ಬಳಿ ಮೂಳೆಗೆ ತೂರಿಸಿದ ಪಿನ್ನಿಗೆ ಹಗ್ಗ ಕಟ್ಟಿ ರಾಟೆಯ ಮೂಲಕ ತೂಕ ನೇತುಹಾಕಿ, ಅನಂತರ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕುತ್ತಿದ್ದರು. ಮೂಳೆ ಕೂಡಿಕೊಳ್ಳುತ್ತಿತ್ತು, ಸಂದೇಹವಿಲ್ಲ. ಆದರೆ ಎಂಟು ಹತ್ತು ವರ್ಷಕ್ಕಿಂತ ಚಿಕ್ಕವರಲ್ಲಿ ಸೊಟ್ಟಗೆ ಕೂಡಿದ ಮೂಳೆ ಬೆಳೆಯುತ್ತ ಬೆಳೆಯುತ್ತ ತಾನೇ ನೇರವಾಗುವ ಶಕ್ತಿ ಹರೆಯದವರಲ್ಲಿ ಅಷ್ಟಾಗಿ ಉಳಿದಿರುವುದಿಲ್ಲ. ಹನ್ನೊಂದು ದಾಟಿದವರಲ್ಲಿ ಒಳಕ್ಕೋ ಹೊರಕ್ಕೋ ಸುಮಾರು 5 ಡಿಗ್ರಿ, ಮುಂದಕ್ಕೋ ಹಿಂದಕ್ಕೋ ಸುಮಾರು 10 ಡಿಗ್ರಿ, ಉದ್ದದಲ್ಲಿ ಸುಮಾರು 1 ಸೆಂಟಿಮೀಟರ್ ಕೊರತೆ, ಇವಿಷ್ಟನ್ನು ಮೀರಿದ ವ್ಯತ್ಯಾಸವನ್ನು ಒಪ್ಪಲಾಗದು ಎಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ನಲವತ್ತು ಐವತ್ತು ಕಿಲೋ ತೂಗುವ ಹುಡುಗ ಹುಡುಗಿಯರ ದಪ್ಪ ತೊಡೆಯೊಳಗಿನ ಮೂಳೆಯನ್ನು ಹೊರಗಿನ ಪ್ಲಾಸ್ಟರಿನಿಂದ ಈ ಮಿತಿಯೊಳಗೆ ಹಿಡಿದಿಡುವುದು ಕಷ್ಟ. ಅದರ ಜೊತೆಗೆ ತಿಂಗಳುಗಟ್ಟಲೆ ಮಲಮೂತ್ರಕ್ಕೂ ಇನ್ನೊಬ್ಬರನ್ನು ಅವಲಂಬಿಸುವ ಸಂಕಟ, ಮಂಡಿ ಬಿಗಿದುಕೊಳ್ಳುವುದು, ತಪ್ಪಿಹೋಗುವ ಶಾಲೆ, ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಕೂರಬೇಕಾದ ಪೋಷಕರ ಕಷ್ಟ ಎಲ್ಲ ಸೇರಿ ಶಸ್ತ್ರಚಿಕಿತ್ಸೆಯೇ ಮೇಲು ಎಂಬ ನಿಲುವಿಗೆ ವೈದ್ಯಲೋಕ ಬಂದಿದೆ.

ನಾಟಿ ಕಟ್ಟಿನ ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಕರ್ನಾಟಕ, ಆಂಧ್ರ, ತಮಿಳುನಾಡಿನ ಹಲವು ಕಡೆ ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿಭಾಗ, ಬಟ್ಟೆಗಳಿಂದ ಮೂಳೆ ಕಟ್ಟುವ ಪರಂಪರೆಯಿದೆ, ಅದರ ಮೇಲೆ ಜನರಿಗೆ ವಿಶ್ವಾಸವೂ ಇದೆ. ಮುಂಗೈಯ ಸಣ್ಣ ಬಿರುಕು ಯಾವ ಕಟ್ಟಿನಲ್ಲಿಟ್ಟರೂ ಕೂಡೀತು. ತೊಡೆಮೂಳೆಯ ಮಾತು ಹಾಗಲ್ಲ. ಸುತ್ತಲಿನ ಬಲವಾದ ಸ್ನಾಯುಗಳು ಮುರಿದ ತುಂಡುಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುವುದನ್ನು ಯಾವ ಹೊರಕಟ್ಟೂ ತಡೆಯಲಾರದು, ಬಿಗಿಯಾಗಿ ಕಟ್ಟಿದಷ್ಟೂ ಊದುವ ಕಾಲಿಗೆ ರಕ್ತ ನಿಂತು ಕೊಳೆಯುವ ಭಯವಿರುತ್ತದೆ. ಹರೆಯದವರ ತೊಡೆಮೂಳೆ ಮುರಿತಕ್ಕೆ ನಾಟಿ ಕಟ್ಟು ಸಲ್ಲದು.

ಬಾಗುವ ಸರಳುಗಳು

ಫ್ರಾನ್ಸಿನ ನಾನ್ಸಿ ನಗರದ ಮಕ್ಕಳ ಶಸ್ತ್ರಚಿಕಿತ್ಸಕರಾದ ಜಾನ್ ಪಾಲ್ ಮೆಟೈಜೊ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ ರೂಢಿಸಿ, 1988ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ವಿಧಾನವೇ ಇಂದು ನಮ್ಮ ಆಸ್ಪತ್ರೆಗಳಲ್ಲಿ ಟೆನ್ಸ್ ನೈಲ್ ಎಂದು ಕರೆಯಲಾಗುವ ಬಾಗುವ ಸರಳಿನ ಶಸ್ತ್ರಚಿಕಿತ್ಸೆ. ಮಂಡಿಯ ಮೇಲ್ಗಡೆ ತೊಡೆಯ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು, ಎರಡು ಮೂರು ಸೆಂಟಿಮೀಟರಿನ ಸಣ್ಣ ಗಾಯ ಮಾಡಿ, ಬೆಳವಣಿಗೆಯ ಫಲಕದಿಂದ ಸುಮಾರು 2 ರಿಂದ 2.5 ಸೆಂಟಿಮೀಟರ್ ಮೇಲೆ ಮೂಳೆಗೆ ಓರೆಯಾದ ರಂಧ್ರ ಕೊರೆಯುತ್ತಾರೆ. ಅಲ್ಲಿಂದ, ಬಿಲ್ಲಿನಂತೆ ಮೊದಲೇ ಬಗ್ಗಿಸಿಟ್ಟ ಎರಡು ತೆಳು ಸರಳುಗಳನ್ನು ಟೊಳ್ಳಿನೊಳಗೆ ಮೇಲಕ್ಕೆ ತಳ್ಳುತ್ತ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಎಕ್ಸ್-ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯನ್ನು ನೋಡಿಕೊಂಡು ಮುರಿದ ಜಾಗವನ್ನು ದಾಟಿಸುತ್ತಾರೆ. ಎರಡು ಸರಳುಗಳ ಬಾಗು ಎದುರುಬದುರಾಗಿ ಮುರಿತದ ಮಟ್ಟದಲ್ಲೇ ಅತಿ ಹೆಚ್ಚು ಇರುವಂತೆ ಕೂರಿಸಿದಾಗ, ನೇರವಾಗಲು ಹವಣಿಸುವ ಎರಡೂ ಒಂದಕ್ಕೊಂದು ವಿರುದ್ಧವಾಗಿ ಒಳಗೋಡೆಯನ್ನು ಒತ್ತಿ ಮೂಳೆಯನ್ನು ನೆಟ್ಟಗೆ ನಿಲ್ಲಿಸುತ್ತವೆ. ಮುರಿದ ಜಾಗವನ್ನು ತೆರೆಯದೆ ಇರುವುದರಿಂದ ಅಲ್ಲಿ ಕಟ್ಟಿಕೊಂಡ ರಕ್ತ ಹಾಗೇ ಉಳಿದು, ಹೊಸ ಮೂಳೆ ಬೇಗ ಬೆಳೆಯುತ್ತದೆ. ಸರಳುಗಳ ಅಲ್ಪಸ್ವಲ್ಪ ಅಲುಗಾಟವೂ ಆ ಬೆಳವಣಿಗೆಗೆ ಸಹಾಯಕವೇ.

ಸರಳಿನ ದಪ್ಪದ ಲೆಕ್ಕ ಸರಳವಾದದ್ದು: ಒಂದೊಂದು ಸರಳೂ ಟೊಳ್ಳಿನ ಅತಿ ಕಿರಿದಾದ ಜಾಗದ ಶೇ. 40ರಷ್ಟಿರಬೇಕು, ಎರಡೂ ಸೇರಿ ಶೇ. 80ರಷ್ಟು ತುಂಬಬೇಕು. ಟೊಳ್ಳು 9 ಮಿಲಿಮೀಟರ್ ಇದ್ದರೆ 3.5 ಮಿಲಿಮೀಟರಿನ ಎರಡು ಸರಳುಗಳು ಸರಿಯಾಗುತ್ತವೆ. ಒಂದು ದಪ್ಪ, ಇನ್ನೊಂದು ತೆಳುವಾದರೆ ಮೂಳೆ ದಪ್ಪ ಸರಳು ಒತ್ತುವ ಕಡೆಗೆ ವಾಲುತ್ತದೆ.

ಈ ವಿಧಾನ ಐದರಿಂದ ಹನ್ನೊಂದು ವರ್ಷದವರಿಗೆ ಅತ್ಯುತ್ತಮ ಫಲ ಕೊಡುತ್ತದೆ. ಅದರ ಮಿತಿಯೂ ಅಷ್ಟೇ ಸ್ಪಷ್ಟವಾಗಿದೆ. ಆರು ಆಸ್ಪತ್ರೆಗಳ ಮಕ್ಕಳನ್ನು ಒಟ್ಟಾಗಿ ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೊಂದು ವರ್ಷ ದಾಟಿದವರಲ್ಲಿಯೂ 49 ಕಿಲೋಗಿಂತ ಹೆಚ್ಚು ತೂಕದವರಲ್ಲಿಯೂ ಫಲಿತಾಂಶ ಕೆಡುವ ಸಂಭವ ಹೆಚ್ಚೆಂದು ಕಂಡುಬಂತು. ಬಾಗುವ ಸರಳು ಅಷ್ಟು ಭಾರವನ್ನು ತಾಳಲಾರದೆ ಮೂಳೆ ಸೊಟ್ಟಗಾಗುತ್ತದೆ. ಮುರಿತದ ಬಗೆಯೂ ಮುಖ್ಯ. ಮೂಳೆ ಅಡ್ಡಡ್ಡವಾಗಿ ಮುರಿದಿದ್ದರೆ ತುದಿಗೆ ತುದಿ ಆತು ಉದ್ದ ಉಳಿಯುತ್ತದೆ. ಉದ್ದನೆಯ ತಿರುಚಿದ ಮುರಿತವಿದ್ದರೆ ಅಥವಾ ಹಲವು ಚೂರಾಗಿದ್ದರೆ ಮೂಳೆ ಸರಳಿನ ಮೇಲೆ ಜಾರಿ ಗಿಡ್ಡವಾಗುತ್ತದೆ. ಮಗುವಿನ ವಯಸ್ಸನ್ನು ಎಲ್ಲರೂ ಕೇಳುತ್ತಾರೆ, ತೂಕವನ್ನು ಅರಿವಳಿಕೆಯ ಲೆಕ್ಕಕ್ಕಷ್ಟೇ ಬರೆದುಕೊಳ್ಳುತ್ತಾರೆ; ಸರಳಿನ ಆಯ್ಕೆಯಲ್ಲಿ ತೂಕಕ್ಕೆ ವಯಸ್ಸಿನಷ್ಟೇ ಬೆಲೆಯಿದೆ ಎಂಬುದನ್ನು ಪೋಷಕರೂ ನೆನಪಿಡಬೇಕು.

ಲೋಹದ ಬಗ್ಗೆಯೂ ಒಂದು ಮಾತು. ದುಬಾರಿಯಾದ ಟೈಟಾನಿಯಂ ಸರಳೇ ಶ್ರೇಷ್ಠವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 2008ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನವೊಂದರಲ್ಲಿ ಮೂಳೆ ಸೊಟ್ಟಗೆ ಕೂಡಿಕೊಂಡ ಪ್ರಮಾಣ ಟೈಟಾನಿಯಂ ಹಾಕಿದವರಲ್ಲಿ ಶೇ. 23ರಷ್ಟಿದ್ದರೆ, ಸ್ಟೇನ್‌ಲೆಸ್ ಸ್ಟೀಲ್ ಹಾಕಿದವರಲ್ಲಿ ಶೇ. 6ರಷ್ಟಿತ್ತು. ಸ್ಟೀಲ್ ಅಷ್ಟು ಸುಲಭವಾಗಿ ಬಾಗದಿರುವುದೇ ಇದಕ್ಕೆ ಕಾರಣ. ಹಣ ಹೊಂದಿಸಲಾಗದೆ ಸ್ಟೀಲಿಗೆ ಒಪ್ಪಿದ ಮನೆಯವರು ಮಗುವಿಗೆ ಕಡಿಮೆ ದರ್ಜೆಯ ಚಿಕಿತ್ಸೆ ಸಿಕ್ಕಿತೆಂದು ಕೊರಗಬೇಕಾದ್ದಿಲ್ಲ.

ಗಡುಸು ಸರಳು: ಬಾಗಿಲಿನ ಪ್ರಶ್ನೆ

ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕುಂಟ್ಷರ್ 1939ರಲ್ಲಿ ತೊಡೆಮೂಳೆಯ ಟೊಳ್ಳಿಗೆ ದಪ್ಪ ಸರಳನ್ನು ಹೊಡೆದು ಕೂರಿಸಿದಂದಿನಿಂದ ವಯಸ್ಕರ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಇಂದಿನ ಸರಳುಗಳಿಗೆ ಮೇಲೆ ಮತ್ತು ಕೆಳಗೆ ಅಡ್ಡ ಸ್ಕ್ರೂ ಹಾಕಿ ಬಿಗಿಯುವುದರಿಂದ, ಮೂಳೆ ಚೂರಾಗಿದ್ದರೂ ಗಿಡ್ಡವಾಗುವುದಾಗಲಿ ತಿರುಚಿಕೊಳ್ಳುವುದಾಗಲಿ ಆಗುವುದಿಲ್ಲ. ಐವತ್ತು ಕಿಲೋ ದಾಟಿದ ಹದಿಮೂರು ಹದಿನಾಲ್ಕು ವರ್ಷದವರಿಗೆ ಇಂಥ ಗಡುಸು ಸರಳು ಒಳ್ಳೆಯ ಆಯ್ಕೆಯೇ. ಆದರೆ ಅದು ಒಳಹೋಗುವ ಬಾಗಿಲು ಎಲ್ಲಿ ಎಂಬುದರ ಮೇಲೆ ಸೊಂಟದ ಕೀಲಿನ ಭವಿಷ್ಯ ನಿಂತಿದೆ.

ವಯಸ್ಕರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ದಾರಿ ಉಬ್ಬಿನ ಒಳಮಗ್ಗುಲಿನ ತಗ್ಗು. ಅದು ಮೂಳೆಯ ಟೊಳ್ಳಿಗೆ ನೇರವಾಗಿರುವುದರಿಂದ ಸರಳು ಸಲೀಸಾಗಿ ಇಳಿಯುತ್ತದೆ. ತಲೆಗೆ ರಕ್ತ ಒಯ್ಯುವ ಕವಲುಗಳು ಹಾದುಹೋಗುವುದು ಅದೇ ತಗ್ಗಿನ ಪಕ್ಕದಲ್ಲಿ. ಫಲಕ ಮುಚ್ಚದ ಮಕ್ಕಳಲ್ಲಿ ಈ ದಾರಿಯನ್ನು ಬಳಸಿದಾಗ ನೂರರಲ್ಲಿ ಸುಮಾರು ಇಬ್ಬರಿಗೆ ತೊಡೆಮೂಳೆಯ ತಲೆ ಸತ್ತ ವರದಿಗಳಿವೆ. ನೂರಕ್ಕೆ ಎರಡು ಸಣ್ಣ ಸಂಖ್ಯೆಯೆಂದು ತೋರಬಹುದು. ಅದಕ್ಕೆ ತುತ್ತಾದ ಹದಿಮೂರರ ಹುಡುಗಿಗೆ ಅದು ಜೀವಮಾನದ ಕುಂಟು. ಉಬ್ಬಿನ ತುದಿಗಿಂತಲೂ ಹೊರಗೆ, ಅದರ ಹೊರಮೈಯಿಂದ ಒಳಹೋಗುವಂತೆ ಬಾಗಿಸಿ ತಯಾರಿಸಿದ ಸರಳುಗಳು ಈಗ ಲಭ್ಯವಿದ್ದು, ಆ ದಾರಿಯಲ್ಲಿ ಈ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2009ರಲ್ಲಿ ಹೊರತಂದ ಮಾರ್ಗಸೂಚಿಯೂ ಹನ್ನೊಂದರಿಂದ ಮೇಲಿನವರಿಗೆ ಉಬ್ಬಿನ ದಾರಿಯ ಗಡುಸು ಸರಳು, ಸ್ನಾಯುವಿನಡಿಯ ಪ್ಲೇಟ್, ಬಾಗುವ ಸರಳು ಇವುಗಳನ್ನು ಆಯ್ಕೆಗಳೆಂದು ಹೇಳಿ, ಒಳತಗ್ಗಿನ ದಾರಿ ಬೇಡವೆನ್ನುತ್ತದೆ. ಫಲಕ ತೆರೆದಿರುವಾಗ ಆ ದಾರಿಯನ್ನು ಹಿಡಿಯಲು ಇಂದು ಸಮರ್ಥನೆಯಿಲ್ಲ. ವಯಸ್ಕರಲ್ಲಿ ಮಂಡಿಯ ಕೀಲಿನ ಒಳಗಿನಿಂದ ಮೇಲ್ಮುಖವಾಗಿ ಹಾಕುವ ಗಡುಸು ಸರಳೂ ಇದೆ. ಅದು ಮಂಡಿಯ ಬಳಿಯ ಫಲಕವನ್ನು ನಡುವೆ ಸೀಳಿಕೊಂಡು ಹೋಗುವುದರಿಂದ ಬೆಳೆಯುವವರಿಗೆ ವರ್ಜ್ಯ. ಹೊರಮೈಯ ದಾರಿಯೂ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಹೊಂದುವುದಿಲ್ಲ, ಏಕೆಂದರೆ ಉಬ್ಬಿಗೆ ಅದರದೇ ಬೆಳವಣಿಗೆಯ ಪದರವಿದ್ದು, ಅದು ಎಳೆಯದಿರುವಾಗ ಕೊರೆದರೆ ಸೊಂಟದ ಆಕಾರ ಬದಲಾಗಬಹುದು.

ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರನ್ನು “ಸರಳು ಯಾವ ಬದಿಯಿಂದ ಒಳಹೋಗುತ್ತದೆ, ಬೆಳವಣಿಗೆಯ ಫಲಕ ಇನ್ನೂ ತೆರೆದಿದೆಯೇ” ಎಂದು ಕೇಳುವುದು ಉದ್ಧಟತನವಲ್ಲ. ಮಕ್ಕಳ ಮೂಳೆಯಲ್ಲಿ ಪಳಗಿದ ಯಾವ ಶಸ್ತ್ರಚಿಕಿತ್ಸಕರೂ ಎಕ್ಸ್-ರೇ ಹಿಡಿದು ಎರಡು ನಿಮಿಷದಲ್ಲಿ ಇದನ್ನು ತೋರಿಸಿಕೊಡಬಲ್ಲರು.

ಪ್ಲೇಟ್ ಮತ್ತು ಹೊರಚೌಕಟ್ಟು

ಮೂಳೆ ಹಲವು ಚೂರಾಗಿದ್ದು, ಟೊಳ್ಳು ಗಡುಸು ಸರಳಿಗೆ ತೀರ ಕಿರಿದಾಗಿದ್ದರೆ, ಅಥವಾ ಮುರಿತ ತುದಿಗಳಿಗೆ ಹತ್ತಿರವಿದ್ದರೆ ಪ್ಲೇಟ್ ಉತ್ತಮ. ಹಿಂದೆ ತೊಡೆಯ ಉದ್ದಕ್ಕೂ ಕುಯ್ದು ಕೂರಿಸುತ್ತಿದ್ದ ಪ್ಲೇಟನ್ನು ಈಗ ಮೇಲೆ ಕೆಳಗೆ ಸಣ್ಣ ಗಾಯಗಳ ಮೂಲಕ ಸ್ನಾಯುವಿನಡಿ ಮೂಳೆಗೆ ತಾಗಿದಂತೆ ಜಾರಿಸಿ, ಎರಡೂ ತುದಿಗಳಲ್ಲಿ ಕೆಲವೇ ಸ್ಕ್ರೂಗಳಿಂದ ಬಿಗಿಯುತ್ತಾರೆ. ನಡುವಿನ ಚೂರುಗಳನ್ನು ಮುಟ್ಟದೆ ಬಿಡುವುದರಿಂದ ಅವುಗಳ ರಕ್ತಪೂರೈಕೆ ಉಳಿಯುತ್ತದೆ. ಇಂಥ ಪ್ಲೇಟುಗಳು ಉದ್ದವಾಗಿದ್ದು ಹನ್ನೆರಡರಿಂದ ಹದಿನಾರು ರಂಧ್ರಗಳಿರುವುದು ಸಾಮಾನ್ಯ. ಮಂಡಿಯ ಫಲಕಕ್ಕೆ ತೀರ ಹತ್ತಿರ ಬಂದ ಪ್ಲೇಟನ್ನು ಬೆಳೆಯುವ ಮಗುವಿನಲ್ಲಿ ವರ್ಷಗಟ್ಟಲೆ ಬಿಟ್ಟರೆ ಮಂಡಿ ಒಳಮುಖವಾಗಿ ವಾಲುವುದುಂಟಾದ್ದರಿಂದ, ಮೂಳೆ ಕೂಡಿದ ಮೇಲೆ ಅದನ್ನು ತೆಗೆಸುವ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಚರ್ಮ ಹರಿದು ಮೂಳೆ ಹೊರಬಂದ ತೆರೆದ ಮುರಿತದಲ್ಲಿ ಮೊದಲು ನಂಜಿನ ಮಾತು, ಆಮೇಲೆ ಲೋಹದ ಮಾತು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಪ್ರತಿಜೀವಕದ ಚುಚ್ಚುಮದ್ದು, ಧನುರ್ವಾಯು ಲಸಿಕೆ, ಬಳಿಕ ಅರಿವಳಿಕೆಯಲ್ಲಿ ಗಾಯವನ್ನು ಚೆನ್ನಾಗಿ ತೊಳೆದು ಸತ್ತ ಭಾಗವನ್ನು ತೆಗೆಯುವುದು ಕ್ರಮ. ಮಣ್ಣು ಮೆತ್ತಿದ ದೊಡ್ಡ ಗಾಯವಿದ್ದರೆ, ಅಥವಾ ತಲೆ, ಹೊಟ್ಟೆಗೂ ಪೆಟ್ಟಾಗಿ ಮಗು ಹೆಚ್ಚು ಹೊತ್ತಿನ ಶಸ್ತ್ರಚಿಕಿತ್ಸೆಯನ್ನು ತಾಳದ ಸ್ಥಿತಿಯಲ್ಲಿದ್ದರೆ ಮೂಳೆಗೆ ಪಿನ್ನುಗಳನ್ನು ಹಾಕಿ ಹೊರಗಿನ ಚೌಕಟ್ಟಿಗೆ ಬಿಗಿಯುವ ಹೊರಚೌಕಟ್ಟು ಜೀವರಕ್ಷಕವಾಗುತ್ತದೆ. ಪಿನ್ನಿನ ಸುತ್ತ ಸೋಂಕು, ಚೌಕಟ್ಟು ತೆಗೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಮುರಿಯುವುದು ಇದರ ದೋಷಗಳು. ಹಾಗಾಗಿ ಮಗು ಚೇತರಿಸಿಕೊಂಡ ಕೂಡಲೇ ಸರಳಿಗೋ ಪ್ಲೇಟಿಗೋ ಬದಲಾಯಿಸುವುದೇ ಹೆಚ್ಚು. ಮಂಡಿಯ ಫಲಕದ ಮೂಲಕವೇ ಹಾದುಹೋದ ಮುರಿತಗಳೂ ಸೊಂಟದ ಬಳಿಯ ಕತ್ತಿನ ಮುರಿತಗಳೂ ಬೇರೆಯೇ ಜಾತಿಯವು, ಅವುಗಳಿಗೆ ಮೇಲಿನ ಯಾವ ಲೆಕ್ಕವೂ ಹೊಂದುವುದಿಲ್ಲ. ಕತ್ತು ಮುರಿದಿದ್ದರೆ ಮಾತ್ರ ತಡಮಾಡದೆ ತುರ್ತಾಗಿ ಶಸ್ತ್ರಚಿಕಿತ್ಸೆ ನಡೆಯಬೇಕು.

ಯಾವ ವಿಧಾನವೇ ಆಗಲಿ, ಹೊಲಿಗೆ ಹಾಕುವ ಮುನ್ನ ಎರಡೂ ಕಾಲುಗಳನ್ನು ಸೊಂಟದಲ್ಲಿ ಒಳಕ್ಕೂ ಹೊರಕ್ಕೂ ತಿರುಗಿಸಿ ಹೋಲಿಸಿ ನೋಡುವ ಒಂದು ಪರೀಕ್ಷೆಯಿದೆ. ಸೊಟ್ಟವೂ ಗಿಡ್ಡವೂ ಎಕ್ಸ್-ರೇಯಲ್ಲಿ ಕಾಣುತ್ತವೆ, ತಿರುಚು ಕಾಣುವುದಿಲ್ಲ. ಅದು ಗಮನಕ್ಕೆ ಬರುವುದು ಮಗು ನಡೆಯತೊಡಗಿ ಪಾದ ಹೊರಗೆ ತಿರುಗಿದಾಗ, ಮತ್ತು ಅಷ್ಟುಹೊತ್ತಿಗೆ ಮೂಳೆ ಕೂಡಿಬಿಟ್ಟಿರುತ್ತದೆ.

ಶಸ್ತ್ರಚಿಕಿತ್ಸೆಯ ನಂತರ

ಮೊದಲ ಒಂದೆರಡು ದಿನ ಮನೆಯವರು ಗಮನಿಸಬೇಕಾದದ್ದು ಕಾಲಿನ ಬೆರಳುಗಳನ್ನು. ಬಣ್ಣ, ಬಿಸುಪು, ಸ್ಪರ್ಶ, ಚಲನೆ ಸರಿಯಿರಬೇಕು. ಔಷಧಕ್ಕೂ ಬಗ್ಗದೆ ಏರುತ್ತಲೇ ಹೋಗುವ ನೋವು, ಬಿಗಿದುಕೊಂಡ ತೊಡೆ ಅಥವಾ ಮೀನಖಂಡ, ಬೆರಳನ್ನು ಬೇರೆಯವರು ಎಳೆದರೆ ಚೀರುವಷ್ಟು ನೋವು ಕಂಡರೆ ಸ್ನಾಯುಗಳೊಳಗೆ ಒತ್ತಡ ಏರುತ್ತಿದೆಯೆಂದು ಅರ್ಥ, ಅದಕ್ಕೆ ಗಂಟೆಗಳೊಳಗೆ ಚಿಕಿತ್ಸೆ ಬೇಕು. ದೊಡ್ಡ ಮಕ್ಕಳಲ್ಲಿ ಮೊದಲ ಮೂರು ದಿನದೊಳಗೆ ಉಸಿರಾಟದ ತೊಂದರೆ, ಗೊಂದಲದ ಮಾತು, ಎದೆಯ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಕಾಣಿಸಿಕೊಂಡರೆ ಮಜ್ಜೆಯ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿದ ಲಕ್ಷಣವಾಗಿರಬಹುದು. ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ಒಸರುವಿಕೆ, ಮೀನಖಂಡದ ಊತ ಕಂಡರೂ ಮುಂದಿನ ನಿಗದಿತ ಭೇಟಿಯವರೆಗೆ ಕಾಯಬಾರದು.

ವ್ಯಾಯಾಮ ಮರುದಿನದಿಂದಲೇ ಶುರುವಾಗಬೇಕು: ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಕೆಲವು ದಿನಗಳಲ್ಲಿ ಮಂಡಿ ಮಡಿಸುವುದು. ಗಡುಸು ಸರಳು ಹಾಕಿಸಿಕೊಂಡವರು ಬೇಗನೆ ಭಾರ ಹಾಕಿ ನಡೆಯಬಹುದು. ಬಾಗುವ ಸರಳು ಮತ್ತು ಪ್ಲೇಟಿನವರು ಎಕ್ಸ್-ರೇಯಲ್ಲಿ ಹೊಸ ಮೂಳೆ ಕಾಣುವವರೆಗೆ, ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ, ಊರುಗೋಲಿನ ನೆರವಿನಿಂದ ನೆಲಕ್ಕೆ ಪಾದ ತಾಗಿಸಿಯಷ್ಟೇ ನಡೆಯಬೇಕು. ನೆಲಮಟ್ಟದ ಶೌಚಾಲಯವಿರುವ ಮನೆಗೆ ಕಮೋಡ್ ಕುರ್ಚಿ ಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಓದುವ ಮಗುವಿಗೆ ವರ್ಷ ಹೋಯಿತೆಂದು ಹತಾಶರಾಗಬೇಕಿಲ್ಲ. ಎಷ್ಟೋ ಮಕ್ಕಳು ಎರಡು ಮೂರು ವಾರದಲ್ಲಿ ಊರುಗೋಲಿನೊಂದಿಗೆ ಶಾಲೆಗೆ ಮರಳುತ್ತಾರೆ, ನೆಲಮಹಡಿಯ ತರಗತಿಯೊಂದನ್ನು ಒದಗಿಸಿದರೆ ಸಾಕು. ಓಟ, ಆಟ, ಜಿಗಿತಗಳಿಗೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ.

ಎಣ್ಣೆ ಹಚ್ಚಿ ಬಲವಾಗಿ ಉಜ್ಜುವುದರಿಂದ ಪೆಟ್ಟಾದ ಸ್ನಾಯುವಿನಲ್ಲಿ ಬೇಡದ ಮೂಳೆ ಬೆಳೆದು ಮಂಡಿ ಬಿಗಿದುಕೊಳ್ಳುತ್ತದೆ, ಅದು ಬೇಡ. ಕೀವಾಗುತ್ತದೆಂದು ಮೊಟ್ಟೆ, ಬೇಳೆ, ಹಾಲು ಬಿಡಿಸುವ ಪಥ್ಯಕ್ಕೆ ಯಾವ ಆಧಾರವೂ ಇಲ್ಲ, ಗಾಯ ಮಾಯಲು ಬೇಕಾದ ಪ್ರೋಟೀನ್ ಇರುವುದು ಅವುಗಳಲ್ಲೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆಯೋ ಅಂಬಲಿಯೋ ರೊಟ್ಟಿಯೋ ದಿನವೂ ಇರಲಿ.

ಬಾಗುವ ಸರಳುಗಳ ಕೆಳತುದಿ ಮಂಡಿಯ ಬಳಿ ಚರ್ಮಕ್ಕೆ ಚುಚ್ಚಿದಂತಾಗುವುದು ಈ ಚಿಕಿತ್ಸೆಯ ಅತಿ ಸಾಮಾನ್ಯ ತೊಂದರೆ. ಸರಳುಗಳನ್ನು ಆರು ತಿಂಗಳಿಂದ ಒಂದು ವರ್ಷದೊಳಗೆ ತೆಗೆದ ಮೇಲೆ ಅದು ಇಲ್ಲವಾಗುತ್ತದೆ. ಗಡುಸು ಸರಳನ್ನು ತೆಗೆಯಲೇಬೇಕೆಂಬ ನಿಯಮವಿಲ್ಲ, ತೆಗೆಯುವುದಾದರೂ ಒಂದು ವರ್ಷಕ್ಕಿಂತ ಮೊದಲು ಬೇಡ. ಹತ್ತು ವರ್ಷದ ಆಸುಪಾಸಿನವರಲ್ಲಿ ಮುರಿದ ಮೂಳೆ ಹೆಚ್ಚು ರಕ್ತ ಹರಿದು ಸುಮಾರು ಒಂದು ಸೆಂಟಿಮೀಟರಿನಷ್ಟು ಉದ್ದವಾಗಿಯೇ ಬೆಳೆಯುವುದುಂಟು. ಎರಡು ಸೆಂಟಿಮೀಟರಿನೊಳಗಿನ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ, ಬೇಕಾದರೂ ಚಪ್ಪಲಿಯೊಳಗೆ ಸಣ್ಣ ಎತ್ತರ ಕೊಟ್ಟರೆ ಸಾಕು.

ಖರ್ಚಿನ ಭಯದಿಂದ ಮೊದಲ ದಿನವೇ ಮಗುವನ್ನು ಮನೆಗೆ ಕರೆದೊಯ್ಯುವವರು ತಿಳಿಯಬೇಕಾದ ಸಂಗತಿಯೊಂದಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಮೂಳೆ ಚಿಕಿತ್ಸೆಗೆಂದೇ ಇರುವ ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಈ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ದಾಖಲಾದ ದಿನವೇ ಈ ಯೋಜನೆಗಳ ಬಗ್ಗೆ ವಿಚಾರಿಸಿ, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ತರಿಸಿಕೊಳ್ಳಬೇಕು.

ಮನೆಗೆ ಹೊರಡುವಾಗ ಬಿಡುಗಡೆಯ ಪತ್ರದಲ್ಲಿ ಸರಳಿನ ಅಥವಾ ಪ್ಲೇಟಿನ ಹೆಸರು, ತಯಾರಕರು, ಅಳತೆ, ಒಳಹೋದ ದಾರಿ ಇವೆಲ್ಲ ಬರೆದಿವೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಅದನ್ನು ತೆಗೆಯುವ ದಿನ ಬೇರೆ ಊರು, ಬೇರೆ ವೈದ್ಯರು ಇದ್ದರೆ ಅದಕ್ಕೆ ಸರಿಹೊಂದುವ ಉಪಕರಣ ತರಿಸಲು ಆ ಸಾಲುಗಳೇ ದಿಕ್ಕು. ಮೂಳೆ ಕೂಡಿದ ಮೇಲೂ ಎರಡು ವರ್ಷ, ಇಲ್ಲವೆ ಬೆಳವಣಿಗೆ ಮುಗಿಯುವವರೆಗೆ, ಕಾಲಿನ ಉದ್ದ ಮತ್ತು ಸೊಂಟದ ತಪಾಸಣೆಗೆ ಆರು ತಿಂಗಳಿಗೊಮ್ಮೆ ಹೋಗುತ್ತಿರಬೇಕು. ಆ ಎಲ್ಲ ಎಕ್ಸ್-ರೇಗಳನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿ.